ಕೈಗೊಂಡ ಕ್ರಮ

ಹಾಸನದ ಬಸ್ ನಿಲ್ದಾಣ, ಕಂಟ್ರೋಲರ್ ಕೊಠಡಿ, ಇಪ್ಪತ್ತಾರು ವರ್ಷ.
ಮೇಜಿನ ಬಲತುದಿಯಲ್ಲೊಂದು ಮೊಳೆ, ಮೊಳೆಗೆ ಸೆಣಬಿನ ದಾರ,
ದಾರಕ್ಕೆ ಕಟ್ಟಿಹಾಕಿದ ದೂರು ಪುಸ್ತಕ.
ಅದನ್ನೂ ಕದಿಯುವವರಿದ್ದರಂತೆ.

ಅರಕಲಗೂಡಿನ ಬಸ್ಸು ನಲವತ್ತು ನಿಮಿಷ ತಡ.
ಬೇಲೂರಿನ ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಕೊಡಲಿಲ್ಲ.
ಆಲೂರಿನ ಮುದುಕಿಯೊಬ್ಬಳು, ಅಕ್ಷರ ಬಾರದವಳು,
ನನ್ನ ಕೈಯಲ್ಲೇ ಬರೆಸಿದಳು:
'ಡ್ರೈವರು ನನ್ನ ಕೋಳೀನ ಬೈದ.'

ದಿನಾಂಕ, ಹೆಸರು, ದೂರಿನ ವಿವರ,
ಕೊನೆಯ ಅಂಕಣ: ಕೈಗೊಂಡ ಕ್ರಮ.
ಮೊದಲ ಮೂರು ತುಂಬಿ ತುಳುಕುತ್ತಿದ್ದವು.
ನಾಲ್ಕನೆಯದರಲ್ಲಿ ಹಲ್ಲಿ ಮೊಟ್ಟೆಯಿಟ್ಟರೂ ಕೇಳುವವರಿಲ್ಲ.

ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ,
ಮತ್ತೆ ಬೀರುವಿನ ತಳದಲ್ಲಿ ಸಿಕ್ಕ
ಒಂದಕ್ಷರವೂ ಬೀಳದ ಹಳೆಯ ದೂರು ಪುಸ್ತಕ.
ಹೇಗೂ ರದ್ದಿಗೆ ಹೋಗುವುದು, ಕಂಕುಳಲ್ಲಿಟ್ಟು ತಂದೆ.
(ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್ ಕೆಮ್ಮಿದಂತೆ ನಕ್ಕರು.)

ಮನೆಯಲ್ಲಿ ಕೆಲಸವಿರಲಿಲ್ಲ. ಆದ್ದರಿಂದ ದೂರಿದೆ.
ನಲ್ಲಿ ನಾಲ್ಕು ದಿನಕ್ಕೊಮ್ಮೆ. ಪಿಂಚಣಿ ಮಾತ್ರೆಗೇ ಸರಿ.
ಭಾನುವಾರದ ಪ್ರಸಂಗ ಉದ್ದ, ಮೈಕು ಗೊರಗೊರ,
ಗಾನವೃಂದದ ಹುಡುಗರಿಗೆ ತಾಳವೆಂಬುದೇ ಇಲ್ಲ.
ಅಷ್ಟು ವರ್ಷ ಸಾರಿಗೆಯಲ್ಲಿದ್ದವನು
ಈಗ ಸಾರಿಗೆ ಉಪ್ಪು ಹೆಚ್ಚೆಂದು ತಟ್ಟೆ ಸರಿಸಿದೆ.

ಲೂರ್ದಮ್ಮ ಒಂದು ತಿಂಗಳು ಸೌಟು ಹಿಡಿದೇ ಕೇಳಿದಳು.
ಆಮೇಲೆ ಅಂದಳು: 'ನೀವೂ ಆ ಈಜಿಪ್ಟಿಂದ ಹೊರಟೋರ ಪೈಕಿ.
ಆಕಾಶದಿಂದ ಮನ್ನ ಉದುರ್ತಿದ್ರೂ
ಸೌತೇಕಾಯಿ ಇಲ್ವಲ್ಲ, ಈರುಳ್ಳಿ ಇಲ್ವಲ್ಲ ಅಂತ
ಗುಡಾರದ ಬಾಗಿಲಲ್ಲಿ ಕೂತು ಅತ್ತೋರು.
ಆ ಪುಸ್ತಕ ತನ್ನಿ ಇಲ್ಲಿ.'

ಬಲಗಡೆಯಿಂದ ಶುರುಮಾಡಿದಳು.
ಮೂರು ಅಂಕಣ ಹಾಗೇ ಬಿಟ್ಟು, ನಾಲ್ಕನೆಯದರಲ್ಲಿ ಮಾತ್ರ:
ಹಿತ್ತಲ ಸೀಬೆಗೆ ಮೂರು ಹೂವು.
ಮಂಡಿ ನೋವು, ಎಡಗಡೆಯದು ಮಾತ್ರ.
ಪಕ್ಕದ ಮನೆ ಸಾಬೀರಾ ಎರಡು ಕೊಡ ನೀರು ಕೊಟ್ಟಳು, ಕೇಳದೇ.
ಇವರು ಮಧ್ಯಾಹ್ನದವರೆಗೂ ಗೊಣಗಲಿಲ್ಲ. ಜ್ವರ ಇತ್ತು.

'ದೂರು ಬರೋದಕ್ಕೆ ಮುಂಚೆ
ಕ್ರಮ ಕೈಗೊಳ್ಳೋ ಆಫೀಸು ಒಂದೇ ಇರೋದು' ಅಂದಳು.
ನನಗೆ ರೇಗಿತು.
ಇದು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವ ಭಕ್ತಿ,
ಹುಣ್ಣಿಗೆ ಹೂವು ಮುಡಿಸಿದಂತೆ ಅಂದೆ.
ಅವಳು ಮಾತಾಡಲಿಲ್ಲ. ಒಗೆದ ಬಟ್ಟೆ ಹಿಂಡಲು ಹೋದಳು.

ಕನ್ನಡಕ ಹುಡುಕುತ್ತಾ ಒಂದು ರಾತ್ರಿ ಪುಸ್ತಕ ತೆರೆದೆ.
ನವೆಂಬರ್ ಎರಡು, ಸತ್ತವರ ದಿನ.
ಆ ಒಂದು ಪುಟದಲ್ಲಿ ಎಡಗಡೆಯಿಂದ ಬರೆದಿದ್ದಳು.
ಹೆಸರು: ಲೂರ್ದಮ್ಮ.
ದೂರಿನ ವಿವರ: ಜಸಿಂತಾ. ಹನ್ನೊಂದು ದಿನ.
ಕೈಗೊಂಡ ಕ್ರಮ:

ನಾವಾದರೆ ಅಲ್ಲೊಂದು ಅಡ್ಡಗೆರೆ ಎಳೆದು
ಕಡತ ಮುಚ್ಚಿಬಿಡುತ್ತಿದ್ದೆವು.
ಅವಳು ಎಳೆದಿರಲಿಲ್ಲ.
ಜಾಗ ಬಿಟ್ಟಿದ್ದಳು.

ಮೂವತ್ತೊಂದು ವರ್ಷ ಆ ಹೆಸರನ್ನು
ನಾನು ಬಾಯಲ್ಲಿ ಆಡಿಲ್ಲ;
ಅದರ ಬದಲು ನಲ್ಲಿಯನ್ನು ಬೈದೆ, ಮೈಕನ್ನು ಬೈದೆ.
ದೂರಿಗೂ ದೂರಕ್ಕೂ ನಡುವೆ ಒಂದು ಕೊಂಬಿನ ಅಂತರ,
ಆ ಕೊಂಬು ನನ್ನ ತಲೆಯ ಮೇಲಿತ್ತು.

ಪುಟ ಮಗುಚಿದೆ. ನವೆಂಬರ್ ಮೂರು.
ಮತ್ತೆ ಬಲತುದಿಯಲ್ಲಿ, ಅದೇ ಓರೆ ಅಕ್ಷರ:
ರೊಟ್ಟಿ ಸೀಯಲಿಲ್ಲ.

ಇವತ್ತು ಪೆನ್ನು ನಾನೇ ಕೇಳಿ ತೆಗೆದುಕೊಂಡೆ.
ಅರ್ಧ ಗಂಟೆ ಕೂತೆ. ಇಷ್ಟು ಹೊತ್ತಿಗೆ
ಮೂರು ಸಕಲೇಶಪುರದ ಬಸ್ಸು ಹೊರಡಿಸಬಹುದಿತ್ತು.
ಕೊನೆಗೆ ಬರೆದೆ: ಸಾರಿಗೆ ಉಪ್ಪು.

ಅವಳು ಭುಜದ ಮೇಲಿಂದ ಓದಿ ಕೇಳಿದಳು:
'ಇದು ದೂರೋ, ಸ್ತೋತ್ರವೋ?'

ಗೊತ್ತಿಲ್ಲ, ಇನ್ನೊಂದು ಸೌಟು ಬಡಿಸು,
ನೋಡಿ ಹೇಳ್ತೀನಿ ಅಂದೆ.